ಒರಿಜಿನಲ್ ಮುತ್ತು ಕಣಕ್ಕ!

ಮಂಡ್ಯದವರನ್ನು ಯಾಮಾರಿಸುವುದು ಸುಲಭವಲ್ಲ. ಹಾಗೆಂದು ಮಂಡ್ಯದವರಾದ ನಾವೇ ಹೇಳಿಕೊಂಡು ತಿರುಗುತ್ತೇವೆ.

ಕೆಆರ್‌ಎಸ್‌ನಲ್ಲಿ ಇವತ್ತು ಎಷ್ಟು ಅಡಿ ನೀರಿದೆ ಎಂದು ಕೇಳಿ. ಕಾಫಿ ಲೋಟ ಕೆಳಗಿಡದೆ ಹೇಳುತ್ತೇವೆ. ತಮಿಳುನಾಡಿಗೆ ಹೋದ ಕ್ಯೂಸೆಕ್ ಬಾಯಿಪಾಠ. ಲೆಕ್ಕ ತಪ್ಪಿದರೆ ಸಂಜಯ ವೃತ್ತದಲ್ಲಿ ಕೂತು ಹೆದ್ದಾರಿ ಕಟ್ಟುತ್ತೇವೆ. ಕಬ್ಬಿನ ಲೋಡು ಕಾರ್ಖಾನೆ ಗೇಟು ದಾಟುವ ಮೊದಲು ಹೊರಗಿನ ವೇಬ್ರಿಡ್ಜಿನಲ್ಲಿ ಒಂದು ತೂಕ ಹಾಕಿಸಿ ಚೀಟಿ ಜೇಬಿಗಿಡುತ್ತೇವೆ. ನಂಬಿಕೆ ನಮ್ಮ ಜಿಲ್ಲೆಯ ಬೆಳೆಯಲ್ಲ.

ಮಗಳ ಮದುವೆ ಗೊತ್ತಾಗಲಿ, ಆಗ ನೋಡಿ. ಮಂಡ್ಯ, ಮದ್ದೂರು, ಮಳವಳ್ಳಿ, ಯಾವ ಊರಿನ ಪೇಟೆ ಬೀದಿಯಾದರೂ ಸರಿ. ಗಾಜಿನ ಬಾಗಿಲು ತೆರೆದು ಏಸಿ ಗಾಳಿ ಮುಖಕ್ಕೆ ಹೊಡೆದ ಕೂಡಲೇ ಸಂಜಯ ವೃತ್ತದ ಹುಲಿ ಬೆಕ್ಕಾಗುತ್ತದೆ.

ಚಿನ್ನದ ಹತ್ತಿರ ಇನ್ನೂ ಸ್ವಲ್ಪ ಗುರುಗುಟ್ಟುತ್ತೇವೆ. ಇವತ್ತಿನ ರೇಟೆಷ್ಟು, ವೇಸ್ಟೇಜು ಯಾಕಿಷ್ಟು, ಮೇಕಿಂಗ್ ಚಾರ್ಜ್ ಇಳಿಸಿ. ಮುತ್ತಿನ ಟ್ರೇ ಬಂದ ಮೇಲೆ ಆ ಗುರುಗುಟ್ಟುವಿಕೆಯೂ ನಿಲ್ಲುತ್ತದೆ. ನೀಲಿ ಮಖಮಲ್ಲು, ಮೇಲೆ ಹತ್ತಾರು ಎಳೆ, ನೆತ್ತಿಯ ಮೇಲೆ ಬಿಳಿ ಲೈಟು. ಆ ಲೈಟಿನ ಕೆಳಗೆ ಸಬ್ಬಕ್ಕಿಯೂ ಮಿಂಚುತ್ತದೆ.

“ಬಣ್ಣ ಹೋಗಾಕಿಲ್ವೇನಪ್ಪ?”

“ಒರಿಜಿನಲ್ ಮುತ್ತು ಕಣಕ್ಕ. ಬಣ್ಣ ಎಲ್ಲಿಗೋಯ್ತದೆ?”

ಹುಡುಗ ಜೇಬಿನಿಂದ ಲೈಟರ್ ತೆಗೆದ. ಸರದ ತುದಿಯ ಒಂದು ಮುತ್ತಿಗೆ ಉರಿ ಹಿಡಿದ. ಮಸಿ ಕೂತಿತು. ಹೆಬ್ಬೆರಳಲ್ಲಿ ಒರೆಸಿದ, ಬಿಳಿಯಾಯಿತು. ಆಮೇಲೆ ಕೌಂಟರಿನ ಗಾಜಿಗೆ ತಿಕ್ಕಿದ, ಚೂರು ಬಿಳಿ ಪುಡಿ ಉದುರಿತು. ಅದನ್ನು ಒರೆಸದೆ ಹಾಗೇ ಬಿಟ್ಟ, ಎಲ್ಲರೂ ನೋಡಲೆಂದು. ಅಮ್ಮ, ಅತ್ತೆ, ಚಿಕ್ಕಮ್ಮ ಮೂವರೂ ತಲೆದೂಗಿದರು. ಪ್ರಯೋಗಾಲಯದ ವರದಿ ಕೈಸೇರಿತು.

ಆ ಉರಿಯಿಂದ ಗೊತ್ತಾದದ್ದು ಇಷ್ಟೇ: ಅದು ಪ್ಲಾಸ್ಟಿಕ್ ಅಲ್ಲ. ಆ ಪುಡಿಯಿಂದ ಗೊತ್ತಾದದ್ದು ಇಷ್ಟೇ: ಅದು ಯಾವುದೋ ಕಪ್ಪೆಚಿಪ್ಪಿನ ಹೊಟ್ಟೆಯಿಂದ ಬಂದದ್ದು. ಯಾವ ಚಿಪ್ಪು? ಸಮುದ್ರದ್ದೋ ಕೆರೆಯದ್ದೋ? ತಾನಾಗಿ ಹುಟ್ಟಿದ್ದೋ, ಕತ್ತರಿ ಹಾಕಿ ಹುಟ್ಟಿಸಿದ್ದೋ? ಆ ಬಿಳುಪು ಹುಟ್ಟಿನದೋ ಬಕೆಟ್ಟಿನದೋ? ಲೈಟರ್ ಹೇಳುವುದಿಲ್ಲ. ಹುಡುಗನಿಗೆ ಗೊತ್ತಿಲ್ಲ. ಮಾಲೀಕನಿಗೆ ಗೊತ್ತಿದೆ, ಆದರೆ ಅವನು ಗಲ್ಲಾಪೆಟ್ಟಿಗೆ ಬಿಟ್ಟು ಏಳುವುದಿಲ್ಲ.

ತೀರಾ ಒತ್ತಾಯಿಸಿದರೆ ಒಂದು ಉತ್ತರ ರೆಡಿ ಇದೆ. ಹೈದರಾಬಾದ್ ಮುತ್ತು.

ಹೈದರಾಬಾದಿಗೆ ಸಮುದ್ರ ಯಾವಾಗ ಬಂತು ಸ್ವಾಮಿ? ಮುತ್ತು ಅಲ್ಲಿ ಬೆಳೆಯುವುದಿಲ್ಲ. ನಿಜಾಮರ ಕಾಲದಲ್ಲಿ ಪರ್ಷಿಯಾ ಕೊಲ್ಲಿಯ ಮುತ್ತು ಅಲ್ಲಿಗೆ ಬರುತ್ತಿತ್ತು. ಗಾತ್ರಕ್ಕೆ ತಕ್ಕಂತೆ ಬೇರ್ಪಡಿಸುವ, ತೂತು ಕೊರೆಯುವ, ಪೋಣಿಸುವ ಕೈಗಳು ಅಲ್ಲಿ ತಯಾರಾದವು. ಚಾರ್ಮಿನಾರ್ ಪಕ್ಕದ ಪತ್ತರ್‌ಗಟ್ಟಿ ಬೆಳೆದದ್ದು ಆ ಕಸುಬಿನಿಂದ. ಕಸುಬು ಈಗಲೂ ಇದೆ. ಮಾಲು ಬದಲಾಗಿದೆ. ಇವತ್ತು ಅಲ್ಲಿ ಪೋಣಿಸುವುದರಲ್ಲಿ ಬಹುಪಾಲು ಚೀನಾದ ಸಿಹಿನೀರಿನ ಮುತ್ತು. ಝೆಜಿಯಾಂಗ್ ಪ್ರಾಂತ್ಯದ ಝೂಜಿ ಎಂಬ ಊರು ಅದರ ದೊಡ್ಡ ಸಂತೆ.

2020ರಲ್ಲಿ ಗಲ್ವಾನ್ ಘರ್ಷಣೆ ಆದಾಗ ಚೀನಾ ಆ್ಯಪ್ ಅಳಿಸಿದ್ದು, ಚೀನಾ ಪಟಾಕಿ ಬೇಡ ಎಂದದ್ದು, ಚೀನಾ ದೀಪದ ಸರ ಕಟ್ಟಬೇಡಿ ಎಂದು ಊರಿಗೆಲ್ಲ ಫಾರ್ವರ್ಡ್ ಮಾಡಿದ್ದು ಇದೇ ಮನೆಯವರು. ಬಾಗಿಲಿಗೆ ಚೀನಾ ಸರ ಬೇಡ. ಕೊರಳಿಗೆ ಅಡ್ಡಿಯಿಲ್ಲ.

ತಮಾಷೆ ಕೇಳಿ. ಈ ಚೀನಾ ಮುತ್ತೇ ಒಳಗಿನಿಂದ ಹೆಚ್ಚು ಪ್ರಾಮಾಣಿಕ. ಸಿಹಿನೀರಿನ ಚಿಪ್ಪಿನ ಒಳಮಾಂಸದಲ್ಲಿ ಸಣ್ಣ ಸಣ್ಣ ಗಾಯ ಮಾಡಿ, ಇನ್ನೊಂದು ಚಿಪ್ಪಿನ ಮಾಂಸದ ಚೂರು ಸೇರಿಸುತ್ತಾರೆ. ಒಂದೊಂದು ಚಿಪ್ಪಿನಲ್ಲಿ ಇಂಥ ಮೂವತ್ತು, ನಲವತ್ತು ಚೂರು. ಆ ಚೂರಿನ ಸುತ್ತ ಪದರದ ಮೇಲೆ ಪದರ ಕಟ್ಟುತ್ತದೆ. ಒಳಗೆ ಗುಂಡು ಇರುವುದಿಲ್ಲ. ಬಹುಪಾಲು ಚೀನಾ ಮುತ್ತು ಹೊರಗಿನಿಂದ ಒಳಗಿನವರೆಗೂ ಮುತ್ತೇ. ಅದಕ್ಕೇ ಎಷ್ಟೋ ಸಲ ಅದು ದುಂಡಗೆ ಬರುವುದಿಲ್ಲ. ಅಕ್ಕಿಕಾಳಿನ ಹಾಗೆ, ಗುಂಡಿಯ ಹಾಗೆ, ಆಲೂಗೆಡ್ಡೆಯ ಹಾಗೆ ಬರುತ್ತದೆ. ಅಂಗಡಿಯವರು ಅದಕ್ಕೆ ರೈಸ್, ಬಟನ್, ಪೊಟೇಟೊ ಎಂದೇ ಹೆಸರಿಟ್ಟಿದ್ದಾರೆ.

ಇನ್ನು ದುಬಾರಿಯದು. ಜಪಾನಿನ ಅಕೋಯಾ. ಅಚ್ಚುಕಟ್ಟಾದ ದುಂಡು, ಕನ್ನಡಿಯ ಹೊಳಪು. ಹೊಳಪಿನಲ್ಲಿ ಅದಕ್ಕೆ ಸಾಟಿಯಿಲ್ಲ, ಒಪ್ಪೋಣ. ಆದರೆ ಅದರೊಳಗೆ ಒಂದು ಗುಂಡು ಇದೆ. ಆ ಗುಂಡು ಬಹಳ ಕಾಲದಿಂದ ಬರುತ್ತಿರುವುದು ಅಮೆರಿಕದ ಮಿಸಿಸಿಪ್ಪಿ ಕಣಿವೆಯ ನದಿಗಳ ಚಿಪ್ಪನ್ನು ಕಡಿದು ಉರುಟು ಮಾಡಿದ್ದರಿಂದ. ಅದರ ಮೇಲೆ ಜಪಾನಿನ ಚಿಪ್ಪು ಕಟ್ಟುವ ಪದರ ಅರ್ಧ ಮಿಲಿಮೀಟರಿನ ಆಸುಪಾಸು. ಅಂದರೆ ಜಪಾನ್ ಮುತ್ತು ಎಂದು ಜಂಬದಿಂದ ಕೊಂಡದ್ದರಲ್ಲಿ ಬಹುಭಾಗ ಅಮೆರಿಕದ ಕಪ್ಪೆಚಿಪ್ಪು. ಅಗ್ಗದ್ದರಲ್ಲಿ ಹೆಚ್ಚು ಮುತ್ತು, ದುಬಾರಿಯದರಲ್ಲಿ ಕಡಿಮೆ ಮುತ್ತು. ಈ ಒಂದು ಮಾತನ್ನು ಯಾವ ಸೇಲ್ಸ್ ಹುಡುಗನಾದರೂ ಹೇಳಿದ್ದು ಕೇಳಿದ್ದೀರಾ?

ಆಸ್ಟ್ರೇಲಿಯಾ, ಇಂಡೊನೇಷ್ಯಾ, ಫಿಲಿಪ್ಪೀನ್ಸ್ ಕಡೆಯ ಸೌತ್ ಸೀ ಇದೆ. ದೊಡ್ಡ ಚಿಪ್ಪು, ದೊಡ್ಡ ಮುತ್ತು, ದಪ್ಪ ಪದರ, ಬಿಳಿ ಅಥವಾ ಹೊಂಬಣ್ಣ. ಫ್ರೆಂಚ್ ಪಾಲಿನೇಷ್ಯಾದ ಟಹೀಟಿ ಇದೆ, ಹುಟ್ಟಿನಿಂದಲೇ ಕಪ್ಪು. ನಮ್ಮ ಪೇಟೆ ಬೀದಿಯ ಟ್ರೇಗೆ ಇವು ಅಪರೂಪಕ್ಕೆ ಬರುತ್ತವೆ. ಹೆಸರು ಮಾತ್ರ ದಿನವೂ ಬರುತ್ತದೆ. ಸಿಹಿನೀರಿನ ಮುತ್ತಿಗೆ ಕಪ್ಪು ಬಣ್ಣ ಕುಡಿಸಿ ಟಹೀಟಿ ಎಂದರೆ ಯಾರು ಕೇಳುತ್ತಾರೆ? ಟಹೀಟಿ ಎಲ್ಲಿದೆ ಎಂಬುದು ಮಾರುವವನಿಗೂ ಬೇಡ, ಕೊಳ್ಳುವವನಿಗೂ ಬೇಡ.

ಇವೆಲ್ಲದರ ಮೇಲೆ ಕೂತಿರುವ ಮಹಾರಾಜ ಒಬ್ಬನಿದ್ದಾನೆ. ಬಸ್ರಾ.

ಮದುವೆ ಮನೆಯಲ್ಲಿ ಯಾರಾದರೂ ಒಬ್ಬರು ಕುತ್ತಿಗೆ ಸ್ವಲ್ಪ ಉದ್ದ ಮಾಡಿ ಹೇಳಿಯೇ ಹೇಳುತ್ತಾರೆ, “ಇದು ಬಸ್ರಾ ಮುತ್ತು, ಹೋದ ವರ್ಷ ತಗೊಂಡೆ.” ಹೋದ ವರ್ಷ! ಬಹ್ರೇನ್, ಕುವೈತ್ ಕಡೆಯ ಕೊಲ್ಲಿಯಲ್ಲಿ ಮುಳುಗುಗಾರರು ಉಸಿರು ಕಟ್ಟಿ ತೆಗೆಯುತ್ತಿದ್ದ ಮುತ್ತು ಬಸ್ರಾ ಬಂದರಿನ ಹೆಸರಿನಲ್ಲಿ ಮುಂಬೈಗೆ ಬರುತ್ತಿತ್ತು. ಆ ದಂಧೆ 1930ರ ದಶಕದಲ್ಲೇ ನೆಲಕಚ್ಚಿತು. ಜಪಾನಿನ ಕಲ್ಚರ್ಡ್, ಅಂದರೆ ಮನುಷ್ಯ ಬೆಳೆಸಿದ, ಮುತ್ತು ಒಂದು ಕಡೆ, ಜಗತ್ತಿನ ಆರ್ಥಿಕ ಕುಸಿತ ಇನ್ನೊಂದು ಕಡೆ. 1932ರಲ್ಲಿ ಬಹ್ರೇನಿನಲ್ಲಿ ತೈಲ ಸಿಕ್ಕಿದ ಮೇಲೆ ಮುಳುಗುವ ಕಷ್ಟ ಯಾರಿಗೆ ಬೇಕು? ನಮ್ಮ ಕಡೆಯ ಮನ್ನಾರ್ ಕೊಲ್ಲಿಯಲ್ಲಿ ಕೊನೆಯ ಮುತ್ತು ಹಿಡಿಯುವಿಕೆ ನಡೆದದ್ದು 1961ರಲ್ಲಿ. ಹಳೆಯ ಬಸ್ರಾ ಈಗ ಇರುವುದು ಹಳೆಯ ಮನೆತನಗಳ ಪೆಟ್ಟಿಗೆಯಲ್ಲಿ, ಹರಾಜು ಮನೆಗಳಲ್ಲಿ. ತಾನಾಗಿ ಹುಟ್ಟಿದ್ದೇ ಎಂದು ಗ್ಯಾರಂಟಿಯಾಗಿ ತಿಳಿಯಲು ಎಕ್ಸ್-ರೇ ತೆಗೆಯಬೇಕು. ಮಳವಳ್ಳಿಯಲ್ಲಿ ಮೊಣಕಾಲಿಗೆ ಎಕ್ಸ್-ರೇ ತೆಗೆಯುತ್ತಾರೆ. ಮುತ್ತಿಗೆ ತೆಗೆಯುವುದಿಲ್ಲ.

ಈ ಎಲ್ಲ ಅನಾಹುತಕ್ಕೆ ಕಾರಣ ಒಬ್ಬ ಉದೋನ್ ಅಂಗಡಿಯವನ ಮಗ. ಉದೋನ್ ಎಂದರೆ ಜಪಾನಿನ ದಪ್ಪ ಶ್ಯಾವಿಗೆ. ಅವನ ಹೆಸರು ಮಿಕಿಮೊಟೊ ಕೊಕಿಚಿ. 1893ರಲ್ಲಿ ಚಿಪ್ಪಿನೊಳಗೆ ಮನುಷ್ಯನ ಕೈಯಿಂದ ಅರ್ಧಗೋಳದ ಮುತ್ತು ಬೆಳೆಸಿ ತೋರಿಸಿದ. ದುಂಡು ಮುತ್ತಿನ ವಿದ್ಯೆ ಆಮೇಲೆ ಕೈಗೆ ಬಂತು. ಮುತ್ತಿನ ಶ್ರೀಮಂತರ ಹೊಟ್ಟೆ ಉರಿಯಿತು.

ಎಷ್ಟು ಉರಿಯಿತು ಎಂಬುದಕ್ಕೆ ಒಂದು ಲೆಕ್ಕ ಇದೆ. 1917ರಲ್ಲಿ ನ್ಯೂಯಾರ್ಕಿನ ಫಿಫ್ತ್ ಅವೆನ್ಯೂದಲ್ಲಿ ಕಾರ್ಟಿಯರ್ ಕಂಪನಿಯವರು ಒಂದು ಬಂಗಲೆ ಕೊಂಡರು. ಕೊಟ್ಟದ್ದು 100 ಡಾಲರ್ ನಗದು ಮತ್ತು ಎರಡೆಳೆಯ ಸಹಜ ಮುತ್ತಿನ ಸರ. ಸರದ ಬೆಲೆ ಆಗ 10 ಲಕ್ಷ ಡಾಲರ್. 1957ರಲ್ಲಿ ಅದೇ ಮುತ್ತು ಹರಾಜಿಗೆ ಬಂದಾಗ ಸಿಕ್ಕಿದ್ದು ಒಂದೂವರೆ ಲಕ್ಷ ಡಾಲರಿನಷ್ಟು. ಬಂಗಲೆ ಇನ್ನೂ ಕಾರ್ಟಿಯರ್ ಕೈಯಲ್ಲೇ ಇದೆ. ಮದ್ದೂರಿನವರು ಹೇಳುವ ಪ್ರಕಾರ ಮದ್ದೂರು ವಡೆ ಹುಟ್ಟಿದ್ದೂ ಅದೇ 1917ರಲ್ಲಿ, ರೈಲ್ವೆ ನಿಲ್ದಾಣದಲ್ಲಿ. ಅವತ್ತಿನಿಂದ ಇವತ್ತಿನವರೆಗೆ ವಡೆಯ ಬೆಲೆ ಒಂದು ಸಲವೂ ಇಳಿದ ಹಾಗೆ ಕಾಣೆ. ಹೂಡಿಕೆ ಸಲಹೆಗಾರರು ಗಮನಿಸಬೇಕು.

ಬಿಳುಪಿನ ವಿಚಾರಕ್ಕೆ ಬರೋಣ. ಇಲ್ಲಿ ಮಂಡ್ಯದವರಿಗೆ ಪಾಠ ಹೇಳುವ ಅಗತ್ಯವೇ ಇರಬಾರದು. ಆಲೆಮನೆಯಲ್ಲಿ ಕೊಪ್ಪರಿಗೆಗೆ ಹೈಡ್ರೋಸ್ ಯಾಕೆ ಬೀಳುತ್ತದೆ ಎಂದು ಇಲ್ಲಿಯ ಮಗುವಿಗೂ ಗೊತ್ತು. ಕಪ್ಪು ಬೆಲ್ಲ ಶಹರದವರಿಗೆ ಬೇಡ, ಹೊಂಬಣ್ಣದ್ದು ಬೇಕು. ಮಾರುವವನೂ ಅದನ್ನೇ ಮಾಡುತ್ತಾನೆ, ಮನೆಗೆ ಮಾತ್ರ ಕಪ್ಪು ಬೆಲ್ಲ ಎತ್ತಿಡುತ್ತಾನೆ. ಮುತ್ತಿಗೂ ಹೀಗೇ ಸ್ನಾನ ಇದೆ. ಹೈಡ್ರೋಜನ್ ಪೆರಾಕ್ಸೈಡಿನಲ್ಲಿ ನೆನೆಸಿ ಬಿಳಿ ಮಾಡುತ್ತಾರೆ. ಅಕೋಯಾಕ್ಕೆ ತೆಳು ಗುಲಾಬಿ ಛಾಯೆ ಕೊಡುವುದು ಸಾಮಾನ್ಯ ರೂಢಿ. ಕಪ್ಪಾಗಿಸಲು ಸಿಲ್ವರ್ ನೈಟ್ರೇಟ್ ಇದೆ, ವಿಕಿರಣ ಇದೆ. ಬಣ್ಣ ಕಟ್ಟಿದ ಬೆಲ್ಲದ ಅಚ್ಚನ್ನು ದೂರದಿಂದಲೇ ಗುರುತಿಸುವ ಕಣ್ಣು, ಬಿಳಿ ಮಾಡಿದ ಮುತ್ತಿನ ಮುಂದೆ ಕುರುಡಾಗುತ್ತದೆ. “ಎಷ್ಟು ಬೆಳ್ಳಗದೆ ನೋಡು!”

ಬೆಳ್ಳಗೇ ಇರುತ್ತದೆ ತಾಯಿ. ದುಡ್ಡು ಕೊಟ್ಟಿದ್ದೀರಿ.

ಆಮೇಲೆ ಬಿಲ್ಲು. ಚಿನ್ನಕ್ಕೆ 2023ರ ಏಪ್ರಿಲ್ 1ರಿಂದ ಆರು ಅಕ್ಷರ-ಅಂಕಿಯ ಗುರುತುಸಂಖ್ಯೆ ಎಚ್‌ಯುಐಡಿ ಇಲ್ಲದೆ ಹಾಲ್‌ಮಾರ್ಕ್ ಒಡವೆ ಮಾರುವಂತಿಲ್ಲ. ಮೊಬೈಲಿನಲ್ಲಿ ಆ ಸಂಖ್ಯೆ ಒತ್ತಿ ನೋಡಬಹುದು. ಒಳ್ಳೆಯದು. ಆದರೆ ಆ ಮುದ್ರೆ ಚಿನ್ನದ್ದು. ಮುತ್ತಿಗೆ ಅದು ಒಂದು ಮಾತೂ ಹೇಳುವುದಿಲ್ಲ. ಓಲೆಯ ಹಿಂಭಾಗದ ಮುದ್ರೆ ತೋರಿಸಿ, “ಹಾಲ್‌ಮಾರ್ಕ್ ಅದೆ ಕಣಕ್ಕ” ಎಂದರೆ ನಾವು ಓಲೆ ಪೂರ್ತಿ ಶುದ್ಧ ಎಂದುಕೊಳ್ಳುತ್ತೇವೆ. ಬಿಲ್ಲಿನಲ್ಲಿ ಮುತ್ತಿನ ಜಾಗದಲ್ಲಿ ಒಂದೇ ಒಂದು ಪದ. ಪರ್ಲ್. ಕೆಲವೊಮ್ಮೆ ಅದೂ ಇಲ್ಲ. ಸ್ಟೋನ್!

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಹಿರಿಯರು ಎಚ್ಚರಿಸಿದ್ದರು. ನಮ್ಮ ಅಂಗಡಿಗಳಲ್ಲಿ ಎರಡೂ ಒಂದೇ ಕೌಂಟರಿನಲ್ಲಿ ಹೋಗುತ್ತವೆ. ಬಾಯಲ್ಲಿ ಹೇಳಿದ್ದು ಬಸ್ರಾ, ಬರೆದದ್ದು ಸ್ಟೋನ್.

ಬೆಲೆ ನಿಜವಾಗಿ ಗೊತ್ತಾಗುವುದು ಕೊಳ್ಳುವ ದಿನ ಅಲ್ಲ. ಗಿರವಿ ಇಡುವ ದಿನ. ಕಬ್ಬು ಕಾರ್ಖಾನೆಗೆ ಹೋಗಿ ತಿಂಗಳುಗಳಾಗಿರುತ್ತದೆ. 14 ದಿನದೊಳಗೆ ದುಡ್ಡು ಕೊಡಬೇಕು, ತಡವಾದರೆ ಶೇ 15ರ ಬಡ್ಡಿ ಸೇರಿಸಬೇಕು ಎಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ಕಾನೂನು ಹೇಳುತ್ತದೆ, ಕಾರ್ಖಾನೆ ಕೇಳುವುದಿಲ್ಲ. ಮಗನ ಕಾಲೇಜಿನ ಫೀಸು ಕಾಯುವುದಿಲ್ಲ. ರೈತ ಹೆಂಡತಿಯ ಮುತ್ತಿನ ಓಲೆ, ಎರಡೆಳೆ ಸರ ಕರ್ಚೀಫಿನಲ್ಲಿ ಗಂಟು ಕಟ್ಟಿಕೊಂಡು ಬ್ಯಾಂಕಿಗೆ ಹೋಗುತ್ತಾನೆ. ಅಲ್ಲಿ ಚಿನ್ನ ನೋಡುವವನು ಒಡವೆಯನ್ನು ತಕ್ಕಡಿಗೆ ಹಾಕಿ, ಕಣ್ಣು ಕಿರಿದು ಮಾಡಿ, ಪೆನ್ನಿನಲ್ಲಿ ಒಂದು ಅಂಕಿ ಹೊಡೆದು ಪಕ್ಕದಲ್ಲಿ ಇನ್ನೊಂದು ಬರೆಯುತ್ತಾನೆ. ಮುತ್ತಿನ ತೂಕ ಕಳೆದ. ಅವನ ತಪ್ಪಿಲ್ಲ. ಸಾಲಕ್ಕೆ ಒಳಗಿನ ಚಿನ್ನದ ಬೆಲೆ ಮಾತ್ರ ಲೆಕ್ಕ ಎಂಬುದು ರಿಸರ್ವ್ ಬ್ಯಾಂಕಿನ ನಿಯಮ.

ಅಂಗಡಿಯಲ್ಲಿ ಮುತ್ತಿಗೆ ಸಾವಿರಗಟ್ಟಲೆ. ಬ್ಯಾಂಕಿನಲ್ಲಿ ಅದು ಕಳೆಯುವ ಲೆಕ್ಕ. ಅದೇ ಅಂಗಡಿಗೆ ವಾಪಸ್ ತೆಗೆದುಕೊಂಡು ಹೋಗಿ ನೋಡಿ. ಅಂದು ಲೈಟರ್ ಹಿಡಿದ ಹುಡುಗ ಇಂದು, “ಮುತ್ತಿಗೆ ರೀಸೇಲ್ ಇಲ್ಲಣ್ಣ” ಎನ್ನುತ್ತಾನೆ. ಕೆಲವು ಕಡೆ ಇನ್ನೊಂದು ಚಮತ್ಕಾರ ಇದೆ. ಮಾರುವಾಗ ಮುತ್ತೂ ಸೇರಿಸಿ ತೂಗಿ ಚಿನ್ನದ ರೇಟು ಹಾಕುತ್ತಾರೆ. ಕೊಳ್ಳುವಾಗ ಮುತ್ತು ಬಿಡಿಸಿ ತೂಗುತ್ತಾರೆ. ಚಿನ್ನದ ನಿವ್ವಳ ತೂಕ ಬೇರೆ ಬರೆಯಲೇಬೇಕು ಎಂದು ಹಾಲ್‌ಮಾರ್ಕ್ ನಿಯಮ ಮಾಡುವ ಬಿಐಎಸ್ ಹೇಳಿದೆ. ವೇಬ್ರಿಡ್ಜಿನಲ್ಲಿ ಎರಡು ಸಲ ತೂಗಿಸುವ ನಾವು ಇಲ್ಲಿ ಒಂದು ಸಲವೂ ಕೇಳುವುದಿಲ್ಲ. ಏಸಿ ತಣ್ಣಗಿರುತ್ತದೆ.

ಇನ್ನು ಸಾತ್ವಿಕರ ಸರದಿ.

ಶಾಲೆಯಲ್ಲಿ ಮೊಟ್ಟೆ ಕೊಟ್ಟರು ಎಂದು ಪೋಷಕರು ಮಕ್ಕಳ ಟಿ.ಸಿ. ಪಡೆದ ಸುದ್ದಿ 2025ರಲ್ಲಿ ಬಂದದ್ದು ಮಂಡ್ಯ ತಾಲ್ಲೂಕಿನಿಂದಲೇ. ಮೊಟ್ಟೆಯ ವಾಸನೆಗೆ ಇಷ್ಟು ಸೂಕ್ಷ್ಮವಾದ ಜಿಲ್ಲೆ ಇನ್ನೊಂದಿದ್ದರೆ ಹೇಳಿ. ಆದರೆ ಮಾಂಸ ಮುಟ್ಟದ ಮನೆಯ ಮದುವೆಗೆ ಹೋಗಿ. ಮೈಮೇಲೆ ರೇಷ್ಮೆ. ಗೂಡಿನೊಳಗಿನ ಜೀವವನ್ನು ಕುದಿನೀರಿಗೆ ಹಾಕಿ ನೂಲು ತೆಗೆದದ್ದು ಎಂದು ರೇಷ್ಮೆ ಬೆಳೆಯುವ ಮಳವಳ್ಳಿ, ಮದ್ದೂರಿನವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಕೊರಳಲ್ಲಿ ಮುತ್ತು. ಜೀವಂತ ಚಿಪ್ಪಿನ ಮೈ ಸೀಳಿ ಬೆಳೆಸಿದ್ದು. ಸಿಹಿನೀರಿನ ಚಿಪ್ಪಾದರೆ ಕೊಯ್ಲಿನ ದಿನ ಸಾಮಾನ್ಯವಾಗಿ ಅದರ ಕತೆ ಮುಗಿಯುತ್ತದೆ. ಮಾಂಸ ತಿನ್ನುವವನಾದರೂ ಇಂಥದ್ದು ತಿಂದೆ ಎಂದು ಒಪ್ಪಿಕೊಳ್ಳುತ್ತಾನೆ. ಇಲ್ಲಿ ಚಿಪ್ಪಿನ ಹೆಣದ ಮೇಲೆ ಅರಿಶಿನ ಕುಂಕುಮ.

ಜ್ಯೋತಿಷಿಯನ್ನು ಬಿಟ್ಟರೆ ಅವರಿಗೆ ಬೇಸರವಾಗುತ್ತದೆ. ಚಂದ್ರ ದುರ್ಬಲ, ಮನಸ್ಸು ನಿಲ್ಲುವುದಿಲ್ಲ, ಬೆಳ್ಳಿ ಉಂಗುರದಲ್ಲಿ ಮುತ್ತು, ಕಿರುಬೆರಳು, ಶುಕ್ಲಪಕ್ಷದ ಸೋಮವಾರ, ಹಸಿ ಹಾಲಿನಲ್ಲಿ ಅದ್ದಿ. 2023ರ ಆಗಸ್ಟ್ 23ರಂದು ಚಂದ್ರಯಾನ-3 ಇಳಿದಾಗ ಪಟಾಕಿ ಹೊಡೆದು ಸಿಹಿ ಹಂಚಿದವರೇ ಸೋಮವಾರ ಉಂಗುರ ತೊಟ್ಟರು. ಇರಲಿ. ನಂಬಿಕೆ ಅವರವರದು. ಆದರೆ ರತ್ನಶಾಸ್ತ್ರ ಬರೆದವರ ಕಾಲದಲ್ಲಿ ಇದ್ದದ್ದು ತಾನಾಗಿ ಹುಟ್ಟಿದ ಮುತ್ತು ಮಾತ್ರ. ಆರನೇ ಶತಮಾನದ ವರಾಹಮಿಹಿರ ತನ್ನ ಬೃಹತ್ಸಂಹಿತೆಯಲ್ಲಿ ಮುತ್ತಿಗೆ ಒಂದು ಅಧ್ಯಾಯವನ್ನೇ ಮೀಸಲಿಟ್ಟ. ಆನೆ, ಹಾವು, ಹಂದಿ, ಬಿದಿರು, ಮೋಡದಲ್ಲೂ ಮುತ್ತು ಹುಟ್ಟುತ್ತದೆ ಎಂದ. ನಗಬೇಡಿ. ಯಾವ ನಾಡಿನ ಮುತ್ತು ಹೇಗಿರುತ್ತದೆ, ಯಾವ ತೂಕಕ್ಕೆ ಯಾವ ಬೆಲೆ ಎಂದು ಬರೆದಿಟ್ಟ. ಮೋಡದಲ್ಲಿ ಮುತ್ತು ಹುಡುಕಿದವನೂ ಬೆಲೆಪಟ್ಟಿ ಕೊಟ್ಟಿದ್ದ. ನಮ್ಮ ಜ್ಯೋತಿಷಿ ಕೊಡುವುದು ಅಂಗಡಿಯ ವಿಸಿಟಿಂಗ್ ಕಾರ್ಡ್.

ಕಟ್ಟಿಸಿಕೊಳ್ಳುವುದು ಝೂಜಿಯ ಕೆರೆಯಲ್ಲಿ ಕತ್ತರಿಯಿಂದ ಹುಟ್ಟಿದ ಮುತ್ತು. ಚಂದ್ರನಿಗೆ ಈ ಬದಲಾವಣೆಯನ್ನು ಯಾರು ತಿಳಿಸಿದರೋ.

ಸಾರ್ವಜನಿಕ ಜೀವನಕ್ಕೂ ಮುತ್ತು ಬೇಕು. ಸನ್ಮಾನ ಎಂದರೆ ಶಾಲು, ಫಲ, ಮೈಸೂರು ಪೇಟ, ಮುತ್ತಿನ ಹಾರ. ಪೇಟಕ್ಕೆ ಜೋಲುವ ಮುತ್ತು ಪ್ಲಾಸ್ಟಿಕ್. ಹಾರವೂ ಪ್ಲಾಸ್ಟಿಕ್. ಹಾಕಿಸಿಕೊಂಡವರು ಮೈಕ್ ಹಿಡಿದು ಪ್ಲಾಸ್ಟಿಕ್ ಮುಕ್ತ ಜಿಲ್ಲೆಯ ಬಗ್ಗೆ ಮಾತಾಡುತ್ತಾರೆ. ಈ ಮುತ್ತಿನ ಬಗ್ಗೆ ಮಾತ್ರ ನನ್ನ ತಕರಾರಿಲ್ಲ. ಇದು ಬಸ್ರಾ ಎಂದು ಯಾರೂ ಹೇಳುವುದಿಲ್ಲ. ಕೊಡುವವರ ಗೌರವ ಎಷ್ಟೋ ಹಾರವೂ ಅಷ್ಟೇ.

ಇದೆಲ್ಲ ನಡೆಯುತ್ತಿರುವುದು ಎಂಥ ಜಿಲ್ಲೆಯಲ್ಲಿ? ಮಳವಳ್ಳಿ ತಾಲ್ಲೂಕಿನ ಮುತ್ತತ್ತಿಯಲ್ಲಿ ಕಾವೇರಿ ದಡದ ಆಂಜನೇಯ ಯಾರು? ಸೀತಮ್ಮನ ಮುತ್ತಿನ ಮೂಗುತಿ ನದಿಗೆ ಬಿದ್ದಾಗ ಎತ್ತಿಕೊಟ್ಟವನು. ಹಾಗೆಂದು ಸ್ಥಳಪುರಾಣ. ಮುತ್ತೆತ್ತರಾಯ. ಡಾ. ರಾಜ್‌ಕುಮಾರ್ ಅವರಿಗೆ ಹೆತ್ತವರು ಮುತ್ತುರಾಜ್ ಎಂದು ಹೆಸರಿಟ್ಟದ್ದು ಈ ದೇವರ ಹೆಸರಿನಿಂದ. ಒಂದು ಮುತ್ತಿಗಾಗಿ ಹೊಳೆ ಜಾಲಾಡಿದ ದೇವರ ತಾಲ್ಲೂಕಿನಲ್ಲಿ, ಭಕ್ತರು ಕೈಗೆ ಬಂದ ಮುತ್ತನ್ನು ತಿರುಗಿಸಿ ನೋಡುವುದೂ ಇಲ್ಲ.

ಮುತ್ತು ಹುಡುಕಿದ ಇನ್ನೊಬ್ಬ ಇದ್ದ. ಶ್ರೀರಂಗಪಟ್ಟಣದಿಂದ ಆಳುತ್ತಿದ್ದ ಟಿಪ್ಪು ಸುಲ್ತಾನ್ 1780ರ ದಶಕದಲ್ಲಿ ಮಸ್ಕತ್‌ನಲ್ಲಿದ್ದ ತನ್ನ ವ್ಯಾಪಾರದ ಪ್ರತಿನಿಧಿಗೆ ಕಾಗದ ಬರೆಸಿದ್ದ. ಮುತ್ತು ತೆಗೆಯುವ ಮುಳುಗುಗಾರರನ್ನು ಹುಡುಕಿ ಮಂಗಳೂರಿನ ಕಡೆಗೆ ಕಳಿಸು ಎಂದು. ರೇಷ್ಮೆ ಹುಳುವಿನ ಮೊಟ್ಟೆಗೂ ಅದೇ ಕಡೆಗೆ ಬರೆಸಿದ್ದ. ಅವನ ಕಾಗದಗಳ ಇಂಗ್ಲಿಷ್ ಅನುವಾದ 1811ರಲ್ಲೇ ಲಂಡನ್ನಿನಲ್ಲಿ ಅಚ್ಚಾಗಿದೆ. ರೇಷ್ಮೆ ಇಲ್ಲಿ ಬೇರೂರಿತು, ಮುತ್ತು ಬರಲಿಲ್ಲ. ಈಗ ಟಿಪ್ಪು ಎಂದರೆ ಜಯಂತಿ ಬೇಕೋ ಬೇಡವೋ ಎಂಬ ಕೂಗಾಟ ಅಷ್ಟೇ. ಎರಡೂ ಕಡೆಯ ಕೂಗುವವರ ಮನೆಯ ಮದುವೆಯಲ್ಲಿ ಮುತ್ತು ಒಂದೇ ಸಂತೆಯದು.

ಮುತ್ತು ಬರಲಿಲ್ಲ ಎಂದೆನೇ? ತಪ್ಪು ತಿಳಿಯಬೇಡಿ, ಈಗ ಬರುತ್ತಿದೆ. ಯೂಟ್ಯೂಬ್ ಮೂಲಕ.

“ಮನೆ ಹಿಂದೆ ತೊಟ್ಟಿ ಕಟ್ಟಿ, ಮುತ್ತು ಬೆಳೆದು ಲಕ್ಷ ಲಕ್ಷ ಎಣಿಸಿ.” ತರಬೇತಿ ಎರಡು ದಿನ. ಫೀಸು ಮುಂಗಡ. ಚಿಪ್ಪು ನಮ್ಮಲ್ಲೇ ಕೊಳ್ಳಬೇಕು. ಬೆಳೆದ ಮುತ್ತು ನಾವೇ ವಾಪಸ್ ಕೊಳ್ಳುತ್ತೇವೆ. ಈ ಕೊನೆಯ ವಾಕ್ಯ ಕೇಳಿದರೆ ನನಗೆ ಎಮು ಕೋಳಿ ನೆನಪಾಗುತ್ತದೆ. 2012ರಲ್ಲಿ ತಮಿಳುನಾಡಿನ ಪೆರುಂದುರೈಯಲ್ಲಿ ಹೀಗೇ ವಾಪಸ್ ಕೊಳ್ಳುವ ಮಾತು ಮುರಿದುಬಿದ್ದು, ಸಾಕಿದವರ ಕೈಗೆ ಹಕ್ಕಿ ಉಳಿದಿತ್ತು. ಅದಕ್ಕೂ ಮುಂಚೆ ವೆನಿಲಾ. ಬೆಲೆ ಮುಗಿಲಿಗೆ ಹೋದಾಗ ಬಳ್ಳಿ ನೆಟ್ಟವರು ಬೆಲೆ ಬಿದ್ದಾಗ ಕಿತ್ತರು. ರೈತನಿಗೆ ಬೆಳೆಯಲು ಕಲಿಸುವವರಿಗೆ ಬರ ಇಲ್ಲ. ಕೊಳ್ಳುವವರಿಗೆ ಬರ.

ಮುತ್ತಿನ ಕೃಷಿ ಸುಳ್ಳಲ್ಲ. 1973ರಲ್ಲಿ ತೂತ್ತುಕುಡಿಯಲ್ಲಿ ಕೇಂದ್ರ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಕೆ. ಅಳಗರಸ್ವಾಮಿ ದೇಶದ ಮೊದಲ ಕಲ್ಚರ್ಡ್ ಸಮುದ್ರಮುತ್ತು ಬೆಳೆಸಿದರು. ಭುವನೇಶ್ವರದ ಸಿಹಿನೀರು ಜಲಕೃಷಿ ಸಂಸ್ಥೆ ಸಿಫಾ ನಮ್ಮ ಕೆರೆ ಹೊಳೆಗಳಲ್ಲಿ ಸಿಗುವ ಲ್ಯಾಮೆಲ್ಲಿಡೆನ್ಸ್ ಜಾತಿಯ ಕಪ್ಪೆಚಿಪ್ಪಿನಲ್ಲೇ ಮುತ್ತು ಬೆಳೆಸುವ ವಿಧಾನ ರೂಪಿಸಿತು. ಮಾವಿನಕಾಯಿ ಸಿಪ್ಪೆ ಹೆರೆಯಲು ನಮ್ಮ ಅಜ್ಜಿಯರು ತೂತು ಮಾಡಿ ಇಟ್ಟುಕೊಳ್ಳುತ್ತಿದ್ದರಲ್ಲ, ಅಂಥದ್ದೇ ಚಿಪ್ಪು. ಅಚ್ಚು ಒಳಗಿಟ್ಟರೆ ಒಂದು, ಒಂದೂವರೆ ವರ್ಷದಲ್ಲಿ ಗಣಪತಿಯೋ ಓಂಕಾರವೋ ಮೂಡುತ್ತದೆ. ದುಂಡು ಮುತ್ತಿಗೆ ಇನ್ನೂ ಹೆಚ್ಚು ಕಾಲ. ನಡುವೆ ಚಿಪ್ಪು ಸಾಯುತ್ತದೆ, ನೀರು ಕೆಡುತ್ತದೆ, ಪಾಚಿ ಕಡಿಮೆಯಾಗುತ್ತದೆ. ಬೆಳೆದದ್ದರಲ್ಲಿ ಮಾರುವಂಥದ್ದು ಎಷ್ಟು ಎಂಬುದು ಕೊಯ್ದ ಮೇಲೆ ತಿಳಿಯುವ ಲಾಟರಿ. ಕೊನೆಗೆ ಅದು ಸೆಣಸಬೇಕಾದ್ದು ಕೇಜಿಗಟ್ಟಲೆ ಬಂದು ಬೀಳುವ ಚೀನಾ ಮುತ್ತಿನ ಜೊತೆ.

ಇದನ್ನೆಲ್ಲ ನೆಟ್ಟಗೆ ಹೇಳುವ ಜಾಗಗಳಿವೆ. ಸಿಫಾದ ಪ್ರಾದೇಶಿಕ ಕೇಂದ್ರ ಬೆಂಗಳೂರಿನ ಹೆಸರಘಟ್ಟದಲ್ಲೇ ಇದೆ. ಮಂಡ್ಯದ ಪಕ್ಕದಲ್ಲೇ ವಿ.ಸಿ. ಫಾರಂ ಎಂಬ ಕೃಷಿ ಸಂಶೋಧನಾ ಕೇಂದ್ರ ಇದೆ. ಅಲ್ಲಿಗೆ ಹೋದರೆ ಲಕ್ಷದ ಮಾತು ಬರುವುದಿಲ್ಲ. ನೀರಿನ ಗುಣ, ಚಿಪ್ಪಿನ ಸಾವು, ಮಾರುಕಟ್ಟೆಯ ಮಾತು ಬರುತ್ತದೆ. ಅದಕ್ಕೇ ಯಾರೂ ಹೋಗುವುದಿಲ್ಲ.

ಆದ್ದರಿಂದ ಮುಂದಿನ ಲಗ್ನದ ಸೀಸನ್ನಿಗೆ ಹೊರಟವರಿಗೆ ಒಂದು ಕೆಲಸ. ಲೈಟರ್ ಹೊರಗೆ ಬಂದ ತಕ್ಷಣ, “ಅದು ಬೇಡ, ಒಳಗಿಡಪ್ಪ” ಎನ್ನಿ. ಮುತ್ತನ್ನು ಮುಂದಿನ ಹಲ್ಲಿನ ಅಂಚಿಗೆ ಮೆಲ್ಲಗೆ ಉಜ್ಜಿ. ಸಣ್ಣ ಮರಳಿನ ಹಾಗೆ ತಾಗಿದರೆ ಚಿಪ್ಪಿನದು, ನುಣುಪಾಗಿ ಜಾರಿದರೆ ಬಹುತೇಕ ಗಾಜು, ಪ್ಲಾಸ್ಟಿಕ್. ತೂತಿನ ಬಾಯಿಯನ್ನು ಲೆನ್ಸಿನಲ್ಲಿ ನೋಡಿ. ಬಣ್ಣದ ಪೊರೆ ಎದ್ದಿದ್ದರೆ ಎದ್ದು ಬನ್ನಿ. ಎಲ್ಲ ಮುತ್ತೂ ಒಂದೇ ಅಚ್ಚಿನಲ್ಲಿ ಎರೆದಂತೆ ದುಂಡಗೆ, ಬೆಳ್ಳಗೆ ಇದ್ದು ಬೆಲೆಯೂ ಅಗ್ಗವಾಗಿದ್ದರೆ ನಿಮ್ಮ ಅದೃಷ್ಟದ ಮೇಲೆ ಅನುಮಾನಪಡಿ.

ಚೀನಾ ಮುತ್ತೇ ಇಷ್ಟವಾದರೆ ಧಾರಾಳವಾಗಿ ಕೊಳ್ಳಿ. ಚೆನ್ನಾಗಿಯೇ ಇರುತ್ತದೆ. ಚೀನಾ ಮುತ್ತಿನ ಬೆಲೆಗೆ ಕೊಳ್ಳಿ.

ಆಮೇಲೆ ಬಿಲ್ಲಿನಲ್ಲಿ ನಾಲ್ಕು ಮಾತು ಬರೆದುಕೊಡಿ ಎಂದು ಕೇಳಿ. ಸಮುದ್ರದ್ದೋ ಸಿಹಿನೀರಿನದೋ. ಸಹಜವೋ ಕಲ್ಚರ್ಡೋ. ಬಣ್ಣ ಕಟ್ಟಿದ್ದೋ ಅಲ್ಲವೋ. ಚಿನ್ನದ ತೂಕ ಬೇರೆ, ಮುತ್ತಿನ ತೂಕ ಬೇರೆ.

ಹುಡುಗ ಮಾಲೀಕನ ಕಡೆ ನೋಡುತ್ತಾನೆ. ಮಾಲೀಕ ಮೊದಲ ಸಲ ಗಲ್ಲಾಪೆಟ್ಟಿಗೆ ಬಿಟ್ಟು ಎದ್ದು ಬರುತ್ತಾನೆ. ಯಾವ ಊರು, ಯಾರ ಪೈಕಿ, ಏನು ಕೆಲಸ ಎಂದು ವಿಚಾರಿಸುತ್ತಾನೆ. ಕುರ್ಚಿ ಹಾಕಿಸುತ್ತಾನೆ. ಟೀ ತರಿಸುತ್ತಾನೆ. ಬಿಸ್ಕತ್ತೂ ತರಿಸಬಹುದು. ಬರೆದು ಮಾತ್ರ ಕೊಡುವುದಿಲ್ಲ.